ಸೊಸೆಯ ಅಥಾರಿಟಿ

ದೇವಲಾಪುರದ ಪಕ್ಕದ ನಮ್ಮೂರಿನಲ್ಲಿ ‘ಅಥಾರಿಟಿ’ ಎಂಬ ಮಾತು ಜಗಳಕ್ಕೆ ಬಿಟ್ಟರೆ ಬೇರೆಲ್ಲೂ ಬಳಕೆಯಾಗುತ್ತಿರಲಿಲ್ಲ. ಬಸ್ಸಿನ ಸೀಟಿಗೋ, ನಲ್ಲಿ ನೀರಿಗೋ, ಬದುವಿನ ಹುಲ್ಲಿಗೋ ಯಾರಾದರೂ ಅಡ್ಡ ಬಂದರೆ ಸಾಕು, ‘ಕೇಳಕ್ಕೆ ನೀನ್ಯಾವ ಅಥಾರಿಟಿಲಾ?’ ಎಂದು ಗಂಡಸರು ತೋಳೇರಿಸುತ್ತಿದ್ದರು. ಹೆಂಗಸರಿಗೆ ಯಾರೂ ಹಾಗೆ ಅಂದದ್ದನ್ನು ನಾನು ಕೇಳಿರಲಿಲ್ಲ. ಅದು ನಮ್ಮ ಹತ್ತಿರ ಇರಬಹುದೆಂಬ ಅನುಮಾನವಾದರೂ ಬರಬೇಕಲ್ಲ ಅವರಿಗೆ!

ತೊಂಬತ್ತರ ದಶಕದ ನಡುವಿನಲ್ಲಿ ಊರಿಗೆ ಹೆಂಗಸರದೇ ಹಾಲಿನ ಡೈರಿ ಬಂತು. ಎಸ್ಸೆಸ್ಸೆಲ್ಸಿ ಪಾಸಾದ ಸೊಸೆ ನಾನೊಬ್ಬಳೇ ಇದ್ದುದರಿಂದ ಹಾಲು ಪರೀಕ್ಷೆ ಮಾಡುವ ಕೆಲಸ ನನ್ನ ಪಾಲಿಗೆ ಬಿತ್ತು. ಕಲಿಸಲು ಬಂದ ಸೂಪರ್‌ವೈಸರ್ ಗಾಜಿನ ಕಡ್ಡಿಯಂಥ ಲ್ಯಾಕ್ಟೋಮೀಟರನ್ನು ನನ್ನ ಕೈಗಿಟ್ಟು, ‘ನೀರು ಬೆರೆತಿದ್ರೆ ಇದು ಮುಳುಗುತ್ತೆ. ಡಿಗ್ರಿ ಬರದೆ ಹೋದ್ರೆ ಯಾರ ಹಾಲಾದ್ರೂ ವಾಪಸ್ ಕಳಿಸಮ್ಮ. ಇಲ್ಲಿ ನೀನೇ ಅಥಾರಿಟಿ’ ಅಂದರು. ಮನೆಗೆ ಬಂದವಳೇ ಟ್ರಂಕಿನ ತಳದಿಂದ ಸ್ಕೂಲಿನ ಡಿಕ್ಷನರಿ ತೆಗೆದು ನೋಡಿದೆ. ‘ಅಧಿಕಾರ, ಆಜ್ಞೆ ಮಾಡುವ ಹಕ್ಕು’ ಎಂದಿತ್ತು. ಅಯ್ಯೋ, ಎಷ್ಟು ಖುಷಿಯಾಯಿತು ಅಂತೀರಿ!

ಖುಷಿಗೆ ಕಾರಣ ನಮ್ಮತ್ತೆ. ಮದುವೆಯಾಗಿ ಆರು ವರ್ಷ, ಮನೆಯ ಅಪ್ಪಣೆಯೆಲ್ಲ ಅವರ ಬಾಯಿಂದಲೇ ಬರುತ್ತಿತ್ತು. ‘ಈ ಸತಿ ಗೌರಿ ಹಬ್ಬಕ್ಕೆ ತೌರಿಗೆ ಓಗೋದ್ ಬ್ಯಾಡ.’ ‘ಕಾಪಿಗೆ ಅಷ್ಟೊಂದ್ ಹಾಲ್ ಬುಡಬ್ಯಾಡ.’ ನಾನು ಹಲ್ಲು ಕಚ್ಚಿಕೊಂಡು ‘ಊಂ ಅತ್ತೆ’ ಅನ್ನುತ್ತಿದ್ದೆ, ಒಳಗೊಳಗೇ ಕುದಿಯುತ್ತಿದ್ದೆ. ಈಗ ಅದೇ ಅತ್ತೆ ದಿನಕ್ಕೆರಡು ಸಲ ಕ್ಯಾನು ಹಿಡಿದು ನನ್ನ ಮುಂದೆ ಸಾಲಿನಲ್ಲಿ ನಿಲ್ಲುತ್ತಿದ್ದರು.

ಒಂದು ಬೆಳಿಗ್ಗೆ ಅವರ ಹಾಲಿನಲ್ಲಿ ಕಡ್ಡಿ ಕೆಳಗಿಳಿಯಿತು. ನೊರೆ ಆರಲೆಂದು ಕಾದು ಇನ್ನೊಮ್ಮೆ ನೋಡಬಹುದಿತ್ತು, ನೋಡಲಿಲ್ಲ. ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಬಹುದಿತ್ತು, ಅದನ್ನೂ ಮಾಡಲಿಲ್ಲ. ಇಡೀ ಸಾಲಿಗೆ ಕೇಳುವಂತೆ, ‘ಡಿಗ್ರಿ ಬಂದಿಲ್ಲ, ನೀರು ಬಿದ್ದದೆ, ತಗಂಡೋಗಿ’ ಅಂದೆ. ಹಿಂದೆ ಯಾರೋ ಕಿಸಕ್ಕೆಂದರು. ಅತ್ತೆ ಕ್ಯಾನಿನ ಮುಚ್ಚಳ ಹಾಕಿಕೊಂಡು ಹೊರಟುಹೋದರು. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಡೈರಿ ಬಾಗಿಲು ಹಾಕಿ ಮನೆಗೆ ನಡೆಯುವಾಗ ಮಾತ್ರ ಕಾಲು ಮುಂದಕ್ಕೆ ಬರಲೊಲ್ಲದು. ಅತ್ತೆ ಹಿತ್ತಿಲ ಒಲೆಯ ಮೇಲೆ ಅದೇ ಹಾಲನ್ನು ಕಾಯಿಸುತ್ತಿದ್ದರು. ಬೈಯಲಿ ಎಂದು ಕಾದೆ. ಬೈದರೆ ನಾನೂ ನಾಲ್ಕು ಮಾತು ಆಡಬಹುದಿತ್ತು. ಬೈಯಲಿಲ್ಲ.

‘ನೀರಲ್ಲ ಕಣವ್ವ ಅದು, ಹಾಲ್ ಕರ್ದ ತಂಬಿಗೆ ತೊಳ್ದಿದ್ದು’ ಅಂದರು. ‘ಅದ್ನ ನೆಲಕ್ಕೆ ಚೆಲ್ಲಿ ಯಾರಾದ್ರೂ ತುಳುದ್ರೆ ದನದ ಕೆಚ್ಚಲು ಬತ್ತೋಯ್ತದೆ. ದಿನಾ ಮನೆ ಹಾಲಿನ ಪಾತ್ರೆಗೆ ಉಯ್ತಿದ್ದೆ. ಇವತ್ತು ಒಂದ್ ತೊಟ್ಟೂ ಮನೇಲಿಡಬ್ಯಾಡ, ಎಲ್ಲಾ ಡೈರಿಗೇ ಆಕು ಅಂದ್ರು ನಿಮ್ಮಾವ. ಇನ್ನೆಲ್ಲಿಗೆ ಉಯ್ಯಾನ? ಕ್ಯಾನಿಗೇ ಉಯ್ದೆ.’

ನನ್ನ ತವರಿನಲ್ಲೂ ತಂಬಿಗೆ ತೊಳೆದ ನೀರನ್ನು ಯಾರೂ ಚೆಲ್ಲುತ್ತಿರಲಿಲ್ಲ. ಅಷ್ಟು ಗೊತ್ತಿದ್ದ ನನಗೆ ಸಾಲಿನಲ್ಲಿ ಅದು ಹೊಳೆಯಲೇ ಇಲ್ಲ. ಹೊಳೆಯುವುದು ನನಗೆ ಬೇಕೂ ಇರಲಿಲ್ಲ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

‘ಅದೇನೋ ಅತಾರ್ಟಿ ಅಂತಾರಲ್ಲ ನಿನ್ನ, ಅಂಗಂದ್ರೇನವ್ವ?’ ಅತ್ತೆ ಕೇಳಿದರು.

‘ಯೋಳಿದ್ ಮಾತು ನಡಿಯೋದು ಅತ್ತೆ. ಈ ಮನೇಲಿ ನಿಮ್ ಮಾತು ನಡೀತದಲ್ಲ, ಅಂಗೆ’ ಅಂದೆ. ಅಷ್ಟು ನಾಚಿಕೆಯಲ್ಲೂ ನನ್ನ ನಾಲಿಗೆಯ ಕೊಬ್ಬು ಇಳಿದಿರಲಿಲ್ಲ ನೋಡಿ.

ಅವರು ನಕ್ಕುಬಿಟ್ಟರು. ‘ನನ್ ಮಾತೆಲ್ಲಿ ನಡೀತದೆ ಮಗ? ನಿಮ್ಮಾವ ಯೋಳ್ತಿದ್ರು, ನಾನ್ ನಿಂಗೆ ಮುಟ್ಟುಸ್ತಿದ್ದೆ. ಗೌರಿ ಹಬ್ಬಕ್ಕೆ ಸೊಸೆ ಓಗ್ಬರ್ಲಿ ಅಂತ ಎಷ್ಟ್ ಕೇಳ್ಕಂಡೆ ಗೊತ್ತಾ ನಿಂಗೆ?’

ನಾನು ಒಲೆಯ ಮುಂದೆ ಕೂತುಬಿಟ್ಟೆ. ಆರು ವರ್ಷ ನಾನು ಶಾಪ ಹಾಕಿದ್ದು ಯಾರಿಗೆ! ಅವರ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು, ಆದರೆ ನಮ್ಮಲ್ಲಿ ಆ ಅಭ್ಯಾಸವಿಲ್ಲ. ಸುಮ್ಮನೆ ಸೌದೆ ಮುಂದಕ್ಕೆ ತಳ್ಳಿದೆ.

ಅತ್ತೆ ನನ್ನ ಮುಖ ನೋಡದೆ ಅಂದರು, ‘ಕಿಕ್ಕೇರಿಲಿ ನಮ್ಮಕ್ಕ ಅವ್ಳಲ್ಲ, ಅವ್ಳಿಗೆ ಕಣ್ಣು ಮಂಜಾಗ್ತಾ ಅವಂತೆ. ಮೊಕ ನೋಡಿ ಒಂಬತ್ ವರ್ಸ ಆಯ್ತು. ಪೂರಾ ಕಾಣ್ದಂಗಾಗೋಕ್ ಮುಂಚೆ ಒಂದ್ಸತಿ ಅವ್ಳ್ ಕಣ್ಣಿಗೆ ಬೀಳ್ಬೇಕು ಅಂತ ಆಸೆ. ದನ ಬುಟ್ಟು ಎಲ್ಗೋದೀಯೆ ಅಂತಾರೆ ನಿಮ್ಮಾವ. ಈಗ ನಿನ್ ಮಾತು ನಡೀತದಲ್ಲವ್ವ, ನೀನೊಂದ್ ಮಾತ್ ಯೋಳ್ತೀಯಾ?’

ಅರವತ್ತು ದಾಟಿದ ಹೆಂಗಸು, ಒಡಹುಟ್ಟಿದವಳನ್ನು ನೋಡಲು ಸೊಸೆಯ ಹತ್ತಿರ ಶಿಫಾರಸು ಕೇಳುತ್ತಿದ್ದರು. ನಾನೋ, ಮಾವನ ಎದುರು ನಿಂತು ಮಾತಾಡಿದವಳೇ ಅಲ್ಲ. ಆದರೂ ಮಧ್ಯಾಹ್ನ ಊಟಕ್ಕೆ ಬಡಿಸುತ್ತಾ, ಡೈರಿಯಲ್ಲಿ ಮಾತಾಡುವ ದನಿಯಲ್ಲೇ ಹೇಳಿದೆ: ‘ಮಾವ, ಅತ್ತೆ ನಾಳೆ ಕಿಕ್ಕೇರಿಗೆ ಓಗ್ತಾರೆ. ದನ ನಾನ್ ನೋಡ್ಕತೀನಿ.’

ಮುದ್ದೆ ಮುರಿಯುತ್ತಿದ್ದ ಕೈ ಅಲ್ಲೇ ನಿಂತಿತು. ನನ್ನನ್ನು ನೋಡಿದರು, ಬಾಗಿಲ ಹಿಂದೆ ನಿಂತಿದ್ದ ಅತ್ತೆಯನ್ನು ನೋಡಿದರು. ‘ಓಗ್ಲಿ ಬುಡು, ಎಲ್ಡ್ ದಿನ’ ಅಂದರು.

ಎರಡು ದಿನ ಹೋಗಿ ಹತ್ತಾಯಿತು. ಅಕ್ಕನ ಮಗ್ಗುಲಿಂದ ಏಳಲು ಮನಸ್ಸು ಬಾರದೆ ಅತ್ತೆ ಅಲ್ಲೇ ಉಳಿದುಬಿಟ್ಟಿದ್ದರು. ಮಾವ ಊಟಕ್ಕೆ ಕೂತಾಗಲೆಲ್ಲ ಗೊಣಗುತ್ತಿದ್ದರು. ಹತ್ತನೆಯ ದಿನ ತಡೆಯಲಾರದೆ, ‘ಇಷ್ಟ್ ದಿನ ಇರು ಅಂತ ಯಾರ್ ಯೋಳುದ್ರು ಅವ್ಳಿಗೆ?’ ಎಂದು ಗದರಿದರು.

ಯಾರೂ ಹೇಳಿರಲಿಲ್ಲ.

‘ನಾನೇ ಯೋಳಿವ್ನಿ ಮಾವ’ ಅಂದೆ, ಸಾರು ಬಡಿಸುತ್ತಾ.