ಟವರಣ್ಣನ ಎತ್ತರ

ಬೀದಿಯವರಿಗೆಲ್ಲ ಅವನು ಟವರಣ್ಣ. ಹರೆಯವೆಲ್ಲ ಹಗ್ಗದಲ್ಲಿ ನೇತಾಡಿಕೊಂಡು ಮೊಬೈಲ್ ಟವರು, ಕಾರ್ಖಾನೆಯ ಹೊಗೆಕೊಳವೆಗಳಿಗೆ ಬಣ್ಣ ಬಳಿದವನು. ಒಮ್ಮೆ ಬಿದ್ದು ಮಂಡಿ ನುಚ್ಚುನೂರಾದ ಮೇಲೆ ಬಣ್ಣದ ಅಂಗಡಿಯ ಕೌಂಟರಿನ ಹಿಂದೆ ಕೂತ. ಅಲ್ಲಿಂದ ಕಾಣುತ್ತಿದ್ದುದು ಎದುರಿನ ಗೋಡೆಯೊಂದೇ.

"ಮೇಲಿಂದ ನೋಡಿದ್ರೆ ಊರು ಎಷ್ಟು ಸಮಾಧಾನವಾಗಿ ಕಾಣುತ್ತೆ ಗೊತ್ತಾ?" ಎಂದು ಹೆಂಡತಿಗೆ ಹೇಳುತ್ತಲೇ ಇದ್ದ. ಕೇಳಿ ಕೇಳಿ ಸಾಕಾಗಿ, ಅವಳೇ ತಮ್ಮನಿಗೆ ಹೇಳಿ ಅಂಗೈಯಗಲದ ಡ್ರೋನೊಂದನ್ನು ತರಿಸಿಕೊಟ್ಟಳು.

ಭಾನುವಾರ ಬೆಳಿಗ್ಗೆ ತಾರಸಿಯಿಂದ ಅದನ್ನು ಹಾರಿಸಿದ. ಫೋನಿನ ಪರದೆಯಲ್ಲಿ ಬೀದಿಗಳು ಎಳೆ ಎಳೆಯಾಗಿ ಬಿಚ್ಚಿಕೊಂಡವು. ಅವನು ಮೈಮರೆತ.

ಡ್ರೋನ್ ಇಳಿಸಿ ಒಳಗೆ ಬರುವಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಹಿಂದಿನ ಬೀದಿಯ ಟೈಲರ್ ಹೆಂಗಸು. ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡೇ ಓಡಿಬಂದಿದ್ದಳು. ಹಿಂಬಾಲಿಸಿ ಕಾಡುವ ಗಂಡನಿಂದ ತಪ್ಪಿಸಿಕೊಂಡು ಅವಳು ಈ ಊರಿಗೆ ಬಂದದ್ದು ಎಲ್ಲರಿಗೂ ಗೊತ್ತಿತ್ತು.

"ಅಣ್ಣಾ, ಅದನ್ನ ಬಿಡೋಕೆ ನಿಮಗೆ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲಮ್ಮ. ಸುಮ್ನೆ, ಊರು ನೋಡೋಣ ಅಂತ..."

"ಅವನೇ ಕಳಿಸಿದ್ದಾನೆ ಅಂದ್ಕೊಂಡೆ. ಚಿಲಕ ಹಾಕ್ಕೊಂಡು ಮೂಲೇಲಿ ಕೂತಿದ್ದೆ. ಕಿಟಕೀಲಿ ಇಣುಕಿದ್ರೆ ನಿಮ್ಮ ತಾರಸಿಗೆ ಇಳೀತಿತ್ತು."

ಟವರಣ್ಣ ವಿಡಿಯೊ ತೆರೆದು ತೋರಿಸಿದ. ಪರದೆಯ ಅಂಚಿನಲ್ಲಿ ಬಟ್ಟೆ ಹರವುತ್ತಿದ್ದವಳು ತಲೆಯೆತ್ತಿ, ಬಕೆಟ್ ಬಿಸಾಕಿ ಓಡಿದ್ದಳು. ಅವಳೆದುರಿಗೇ ಅದನ್ನು ಅಳಿಸಿಹಾಕಿದ.

"ಆಣೆಗೂ ನಾನು ನಿಮ್ಮನ್ನ ನೋಡ್ಲಿಲ್ಲಮ್ಮ."

"ನೋಡ್ಲಿಲ್ಲ ಅಂತ ಕೆಳಗಿರೋರಿಗೆ ಹೇಗಣ್ಣ ಗೊತ್ತಾಗ್ಬೇಕು?"

ಅವತ್ತೇ ಡ್ರೋನ್ ಬೀರು ಸೇರಿತು. ತಿಂಗಳುಗಟ್ಟಲೆ ಅವನ ಸಪ್ಪೆ ಮುಖ ನೋಡಿ ಹೆಂಡತಿಗೇ ತಡೆಯಲಾಗಲಿಲ್ಲ. "ಬೀರುವಿಗೆ ಹಾಕಿದ್ದು ಡ್ರೋನನ್ನೋ ನಿಮ್ಮನ್ನೋ?" ಎಂದು ರೇಗಿಸಿದಳು. ಊರಾಚೆ ಪಾಳುಬಿದ್ದ ಕಲ್ಲುಕ್ವಾರಿಯೊಂದನ್ನು ಹುಡುಕಿ, ಮಾಲೀಕರನ್ನು ಒಪ್ಪಿಸಿ ಬಂದಳು. ಅವನು ಹಾರಿಸುವಾಗ ಜನ, ಹಕ್ಕಿ, ಕರೆಂಟ್ ತಂತಿ ಅಡ್ಡ ಬಂದೀತೇ ಎಂದು ಕಾಯುವ ಕೆಲಸವೂ ಅವಳದೇ.

ಅಲ್ಲಿ ಒಂದು ದಿನ, ದೂರದ ಹೊಗೆಕೊಳವೆಯೊಂದು ಪರದೆಗೆ ಬಂತು. ಅದರ ಮೈಮೇಲೆ ಎರಡು ಚುಕ್ಕೆಗಳು. ಚುಕ್ಕೆಗಳ ಮೇಲ್ಗಡೆ ಹೊಸ ಬಣ್ಣ, ಕೆಳಗೆ ಹಳೆಯದು. ಟವರಣ್ಣನ ಬೆರಳು ತಾನಾಗಿಯೇ ಮುಂದೊತ್ತಿತು. ಭುಜ ಬ್ರಷ್ ಎಳೆಯುವಂತೆ ಆಡಿತು. ಇನ್ನೊಂದಿಷ್ಟು ಹತ್ತಿರ ಹೋದರೆ ಮುಖ ಕಂಡೀತು. ಜೊತೆಗೆ ದುಡಿದವರೇ ಇರಬಹುದು.

ಬೆರಳು ನಿಂತಿತು. ಅಷ್ಟೆತ್ತರದಲ್ಲಿ ಕಾಗೆ ರೆಕ್ಕೆ ಬಡಿದರೂ ಎದೆ ಧಸಕ್ಕೆನ್ನುತ್ತದೆ, ಕೈ ಜಾರುತ್ತದೆ.

"ಯಾಕ್ರೀ, ತಿರುಗಿಸಿಬಿಟ್ರಿ?"

"ಅಲ್ಲಿ ಹಗ್ಗದ ಮೇಲೆ ಜನ ಇದ್ದಾರೆ ಕಣೇ."

ಡ್ರೋನ್ ಇಳಿಸಿ ಬಂಡೆಯ ಮೇಲೆ ಕೂತು, ಹಣೆಗೆ ಕೈ ಅಡ್ಡ ಹಿಡಿದು ನೋಡಿದ. ಬರಿಗಣ್ಣಿಗೆ ಕೊಳವೆ ಕಡ್ಡಿಯಷ್ಟೇ, ಜನ ಕಾಣುತ್ತಿರಲಿಲ್ಲ. ಆದರೂ ನೋಡುತ್ತಲೇ ಇದ್ದ.

"ಈಗ ಊಟಕ್ಕೆ ಇಳೀತಿರ್ತಾರೆ" ಎಂದ.

ಹೆಂಡತಿ ಪಕ್ಕದಲ್ಲಿ ಕೂತು, ಅವನು ನೋಡುತ್ತಿದ್ದ ಕಡೆಗೇ ತಾನೂ ನೋಡಿದಳು.