ಜಗಳ ನಿಲ್ಲಿಸಿದ ಅಕ್ಕ

‘ಅವಳೇ ಒಪ್ಪಿಕೊಂಡು ಹೋದಳು’ ಎಂದು ನಮ್ಮ ಮನೆಯವರು ಇವತ್ತಿಗೂ ಹೇಳುತ್ತಾರೆ. ಯಾರೂ ಗದರಲಿಲ್ಲವಂತೆ, ಯಾರೂ ಒತ್ತಾಯ ಮಾಡಲಿಲ್ಲವಂತೆ. ಅಷ್ಟು ನಿಜ. ಆದರೆ ನನ್ನ ಅಕ್ಕ ಒಪ್ಪಿಕೊಂಡಳು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಆಗ ಅವಳು ಎಲ್ಲದಕ್ಕೂ ಒಪ್ಪಿಕೊಳ್ಳುತ್ತಿದ್ದಳು. ಎಲ್ಲದಕ್ಕೂ ಹೂಂ ಅನ್ನುವವಳ ಒಂದು ಹೂಂಗೆ ಏನು ಬೆಲೆ?

ಅವಳು ಮೂಡಲಪಾಳ್ಯದ ನಮ್ಮ ಮನೆಗೆ ಬಂದದ್ದು ಆಷಾಢಕ್ಕೆ. ಮದುವೆಯಾದ ಮೊದಲ ಆಷಾಢದಲ್ಲಿ ಹೆಣ್ಣು ತವರಿನಲ್ಲಿರುವುದು ಪದ್ಧತಿ. ಹಾಗಾಗಿ ಯಾಕೆ ಬಂದೆ, ಏನಾಯಿತು ಎಂದು ಕೇಳುವ ಪ್ರಮೇಯವೇ ಬರಲಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದಳು, ಸೀರಿಯಲ್ ನೋಡುತ್ತಿದ್ದಳು, ಪಕ್ಕದ ಮನೆಯ ಆಂಟಿ ಜೋಕು ಹೇಳಿದರೆ ನಗುತ್ತಿದ್ದಳು. ಇನ್ನೊಂದು ಸಲ ಅನ್ನ ಹಾಕಿಸಿಕೊಳ್ಳುವವರಿಗೆ ಅಮ್ಮನ ಪ್ರಕಾರ ದುಃಖವಿರುವುದಿಲ್ಲ.

ನನಗೆ ಅನುಮಾನ ಬಂದದ್ದು ಬೇರೆ ಕಾರಣಕ್ಕೆ. ನಾನು ನಾಗರಬಾವಿಯಲ್ಲಿ ಕಾನೂನು ಓದುವವಳು, ಚರ್ಚಾಸ್ಪರ್ಧೆಗಳಿಗೆ ಹೋಗುವವಳು. ಆದರೆ ವಾದ ಮಾಡಲು ಕಲಿತದ್ದು ಅಕ್ಕನಿಂದ. ಚಟ್ನಿಗೆ ಹುಣಸೆಹಣ್ಣು ಹಾಕಬೇಕೋ ಬೇಡವೋ ಎಂದು ಕಿತ್ತಾಡಿ ನಾವು ಮಾತು ಬಿಟ್ಟದ್ದೂ ಉಂಟು. ಅವಳು ಸೋತದ್ದನ್ನು ನಾನು ಕಂಡಿಲ್ಲ. ಸೋಲುವ ಹಾಗಾದರೆ ಪ್ರಶ್ನೆಯನ್ನೇ ಬದಲಾಯಿಸಿಬಿಡುತ್ತಿದ್ದಳು. ಅಂಥವಳು ಈಗ ನಾನು ಏನು ಹೇಳಿದರೂ “ಇರಬಹುದು ಬಿಡೇ” ಅನ್ನತೊಡಗಿದಳು. ಮೊದಮೊದಲು ಗೆದ್ದೆನೆಂದು ಬೀಗಿದೆ. ಆಮೇಲೆ ಬೇಕೆಂದೇ ಕೆಣಕಿದೆ. ನಿನ್ನ ಗಂಡನ ಮನೆಯಿರುವ ಕೆಂಗೇರಿ ಬೆಂಗಳೂರೇ ಅಲ್ಲ, ನಿನ್ನನ್ನು ಹಳ್ಳಿಗೆ ಕೊಟ್ಟಿದ್ದಾರೆ ಎಂದೆ. ಅಮ್ಮನಿಗೆ ಯಾವತ್ತೂ ನಾನೇ ಮುದ್ದು, ನೀನಲ್ಲ ಎಂದೆ. “ಹೌದು ಕಣೇ,” ಎಂದು ಬಟ್ಟೆ ಮಡಚುತ್ತಾ ಕೂತಳು. ನನಗೆ ಹೆದರಿಕೆಯಾಯಿತು.

ದುಃಖ ಅಂದರೆ ಕಣ್ಣೀರು, ಊಟ ಬಿಡುವುದು ಎಂದು ನಾನೂ ತಿಳಿದಿದ್ದೆ. ಅಕ್ಕನಲ್ಲಿ ಕಂಡದ್ದು ಬೇರೆ. ತನ್ನದು ಅಂತ ಒಂದು ಅಭಿಪ್ರಾಯ ಇಟ್ಟುಕೊಳ್ಳಲೂ ಶಕ್ತಿ ಬೇಕು. ಅವಳಲ್ಲಿ ಅದು ಉಳಿದಿರಲಿಲ್ಲ.

ಶ್ರಾವಣ ಬಂತು. ಅವಳು ಹೊರಡುವ ಮಾತೇ ಎತ್ತಲಿಲ್ಲ. ಒಂದು ಭಾನುವಾರ ದೊಡ್ಡಪ್ಪ ಬಂದು, ಎಲ್ಲರನ್ನೂ ಹಾಲ್‌ನಲ್ಲಿ ಕೂರಿಸಿ ವಿಚಾರಿಸಿದರು. ಗಂಡ ಹೊಡೆಯುತ್ತಾನಾ, ಕುಡಿಯುತ್ತಾನಾ, ಅತ್ತೆಯ ಕಾಟವಾ? ಎಲ್ಲಕ್ಕೂ ಇಲ್ಲ ಎಂದಳು. ಮತ್ತೇನು ಎಂದು ಕೆದಕಿದಾಗ, ಗಂಡ ತನ್ನ ಜೊತೆ ಮಾತೇ ಆಡುವುದಿಲ್ಲ ಎಂದಳು.

“ಮಾತಾಡದೇ ಇರೋ ಗಂಡ ಸಿಕ್ಕಿದ್ರೆ ನಿಮ್ಮ ದೊಡ್ಡಮ್ಮ ಹಬ್ಬ ಮಾಡೋಳು ಕಣಮ್ಮ,” ಎಂದರು ದೊಡ್ಡಪ್ಪ. ಎಲ್ಲರೂ ನಕ್ಕರು, ಅಕ್ಕನೂ.

ನಾನು ನಡುವೆ ಬಾಯಿ ಹಾಕಿ, ಅವಳು ತುಂಬಾ ನೊಂದಿದ್ದಾಳೆ, ಈಗ ಕಳಿಸಬೇಡಿ ಎಂದೆ.

“ನೊಂದಿದ್ರೆ ಅಳ್ತಿರ್ಲಿಲ್ವಾ? ಸಾಕ್ಷಿ ಎಲ್ಲಿ ಲಾಯರಮ್ಮ?”

“ನನ್ನ ಜೊತೆ ಜಗಳ ಆಡೋದು ನಿಲ್ಸಿದಾಳೆ ದೊಡ್ಡಪ್ಪ.”

“ಮದ್ವೆ ಆದ್ಮೇಲೆ ಬುದ್ಧಿ ಬಂದಿದೆ ಅನ್ನು.”

ನನ್ನ ಬಳಿ ಬೇರೆ ಸಾಕ್ಷಿ ಇರಲಿಲ್ಲ. ಅವಳು ಅತ್ತುಬಿಟ್ಟಿದ್ದರೆ ಅಲ್ಲಿದ್ದವರಲ್ಲಿ ಒಬ್ಬರಾದರೂ ಅವಳ ಪರ ನಿಲ್ಲುತ್ತಿದ್ದರು. ದೊಡ್ಡಪ್ಪ ಕೆಟ್ಟವರಲ್ಲ, ಅವಳತ್ತ ತಿರುಗಿ, ಹೋಗುತ್ತೀಯೇನಮ್ಮ ಎಂದು ಮೆತ್ತಗೇ ಕೇಳಿದರು. ಅಕ್ಕ ಹೂಂ ಎಂದಳು. ನಮ್ಮ ಮನೆಯವರು ಒಪ್ಪಿಗೆ ಅನ್ನುವುದು ಇದನ್ನೇ.

ಗುರುವಾರ ಅಮ್ಮ ಅವಳಿಗೆ ಮಡಿಲು ತುಂಬಿದರು: ಅಕ್ಕಿ, ತೆಂಗಿನಕಾಯಿ, ಎಲೆಅಡಿಕೆ, ಹಸಿರು ಬಳೆ. ಅಪ್ಪ, ಅಮ್ಮ ಬ್ಯಾಗುಗಳ ಸಮೇತ ದೊಡ್ಡಪ್ಪನ ಕಾರಿನಲ್ಲಿ ಮುಂದೆ ಹೋದರು. ಜಾಗ ಸಾಲದೆ ನಾವಿಬ್ಬರೂ ಆಟೋ ಹಿಡಿದೆವು. ನಾಯಂಡಹಳ್ಳಿ ಸಿಗ್ನಲ್‌ನಲ್ಲಿ ಆಟೋ ನಿಂತಿತು. ಅಕ್ಕ ಮಡಿಲಕ್ಕಿಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಮುಂದಿದ್ದ ಬಸ್ಸನ್ನೇ ನೋಡುತ್ತಿದ್ದಳು. ಬೇಡ ಎಂದು ಅವಳ ಬಾಯಲ್ಲಿ ಹೇಳಿಸಲು ನನ್ನಿಂದ ಆಗಿರಲಿಲ್ಲ. ಹೇಗೂ ಎಲ್ಲದಕ್ಕೂ ಹೂಂ ಅನ್ನುತ್ತಾಳಲ್ಲ, ಇದಕ್ಕೂ ಹೂಂ ಅನ್ನಲಿ ಎಂದುಕೊಂಡು ಕೇಳಿದೆ:

“ಅಕ್ಕ, ಆಟೋ ವಾಪಸ್ ತಿರುಗಿಸೋಕೆ ಹೇಳ್ಲಾ?”