ಬೆಳ್ಳಿಯ ಎಡಗಾಲು

೨೦೦೦ನೇ ಇಸವಿಯ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಂಪ್‌ಬೆಲ್‌ನಲ್ಲಿ ನನಗೆ ಒಂದು ಹುದ್ದೆ ಸಿಕ್ಕಿತು. ಹುದ್ದೆಯ ಹೆಸರು ‘ಹೌಸ್ ಮದರ್’. ಗಂಡನ ವೀಸಾದ ಬಾಲ ಹಿಡಿದು ಬಂದವಳು ನಾನು. ಸಂಬಳದ ಕೆಲಸ ಮಾಡುವ ಹಾಗಿರಲಿಲ್ಲ. ಆದ್ದರಿಂದ ಈ ಹುದ್ದೆಗೆ ಸಂಬಳವೂ ಇರಲಿಲ್ಲ. ಎಲ್ಲ ಮ್ಯಾಚುಗಳಿಗೂ ಎರಡು ಟಿಕೆಟು, ಬೆನ್ನಿನ ಮೇಲೆ ‘ಕಿಣಿ’ ಎಂದು ಅಚ್ಚಾದ ನೀಲಿ ಜಾಕೆಟು, ಅಷ್ಟೇ. ನನ್ನ ಜೀವನದಲ್ಲಿ ನಾನು ಹೊಂದಿದ್ದ ಹುದ್ದೆ ಅದೊಂದೇ. ಹಾಗಾಗಿ ಅದರ ಅನುಭವವನ್ನೇ ಬರೆಯುತ್ತಿದ್ದೇನೆ.

ಅಮೆರಿಕದವರು ಸಾಕರ್ ಎನ್ನುವ ಫುಟ್‌ಬಾಲ್ ಆಟದ ಒಂದು ಸಣ್ಣ ವೃತ್ತಿಪರ ಕ್ಲಬ್ಬು ಸೌತ್ ಬೇ ಎನ್ನುವ ನಮ್ಮ ಭಾಗದಲ್ಲಿ ಇತ್ತು. ಹೊರಗಿನಿಂದ ಬಂದ ಆಟಗಾರರಿಗೆ ಬಾಡಿಗೆ ಮನೆ ಕೊಡಿಸುವಷ್ಟು ಅನುಕೂಲ ಅದಕ್ಕಿರಲಿಲ್ಲ. ಅವರನ್ನು ಸಂಸಾರಸ್ಥರ ಮನೆಗಳಲ್ಲಿ ಇರಿಸುವುದು ಅಲ್ಲಿನ ಪದ್ಧತಿ. ನನ್ನ ಗಂಡ ರಘು ಸ್ಯಾನ್ ಮಟಿಯೋದಲ್ಲಿ ಇಂಟರ್ನೆಟ್ಟಿನ ಮೂಲಕ ಹೂವು ಮಾರುವ ಹೊಸ ಕಂಪನಿಯೊಂದರಲ್ಲಿ ಇಂಜಿನಿಯರ್ ಆಗಿದ್ದರು. ಆಟಗಾರರ ಅಂಗಿಯ ಮೇಲೆ ಆ ಕಂಪನಿಯ ಹೆಸರು. ಒಂದು ಸಂಜೆ ಮನೆಗೆ ಬಂದವರು ಶೂಸು ಬಿಚ್ಚುವ ಮೊದಲೇ, “ಸುಮನಾ, ಮೀಟಿಂಗಲ್ಲಿ ಕೈ ಎತ್ತಿಬಿಟ್ಟೆ ಮಾರಾಯ್ತಿ,” ಎಂದರು. “ಮೇಲಿನ ರೂಮು ಖಾಲಿ ಉಂಟಲ್ಲ.”

“ಕೈ ನಿಮ್ಮದು, ಅಡುಗೆ ಯಾರದ್ದು?” ಎಂದೆ.

ಮುಂದಿನ ವಾರ ಬಂದವನು ಆರ್ಚಿ ಫೆಂಟನ್. ಸ್ಕಾಟ್ಲೆಂಡಿನವನು, ಮೂವತ್ನಾಲ್ಕು ವರ್ಷ, ಕೆಂಚು ಕೂದಲು, ಮೊಣಕಾಲುಗಳ ಮೇಲೆ ಹಳೆಯ ಹೊಲಿಗೆಯ ಗುರುತು. ಆಡುವ ಸ್ಥಾನ ಮಿಡ್‌ಫೀಲ್ಡರ್. ಹಿಂದಿನವರಿಂದ ಚೆಂಡು ತೆಗೆದುಕೊಂಡು ಮುಂದಿನವರಿಗೆ ತಲುಪಿಸುತ್ತಾ ಮೈದಾನದ ನಡುವೆ ಓಡಾಡುತ್ತಲೇ ಇರುವವನು. ಹಬ್ಬದ ದಿನ ಒಲೆಗೂ ಪಂಕ್ತಿಗೂ ನಡುವೆ ಓಡಾಡುವ ಸೊಸೆಯ ಹಾಗೆ. ಗೋಲು ಹೊಡೆದವನ ಫೋಟೋ ಪೇಪರಿನಲ್ಲಿ ಬರುತ್ತದೆ, ಇವನದು ಬರುವುದಿಲ್ಲ.

ಅವನ ಮಾತು ರಘುವಿಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ನನಗೆ ತಿಳಿಯುತ್ತಿತ್ತು. ಮಂಗಳೂರಿನ ಕಾನ್ವೆಂಟಿನಲ್ಲಿ ನನಗೆ ಇಂಗ್ಲಿಷ್ ಕಲಿಸಿದ ಸಿಸ್ಟರ್ ಐರ್ಲೆಂಡಿನವರು. ಅವರೂ ಹೀಗೆಯೇ ‘ರ’ಕಾರವನ್ನು ನಾಲಿಗೆಯ ಮೇಲೆ ಉರುಳಿಸುತ್ತಿದ್ದರು. ಹಾಗಾಗಿ ಊಟದ ಮೇಜಿನಲ್ಲಿ ನಾನೇ ದುಭಾಷಿ. ಹದಿನಾರನೆಯ ವಯಸ್ಸಿಗೆ ಊರಿನ ಕ್ಲಬ್ಬು ಸೇರಿ ಹಿರಿಯ ಆಟಗಾರರ ಬೂಟು ಉಜ್ಜಿದ್ದು, ಎರಡು ಸೀಸನ್ ಅಲ್ಲಿನ ಮೇಲ್ದರ್ಜೆಯಲ್ಲಿ ಆಡಿದ್ದು, ಮೊಣಕಾಲಿನ ಆಪರೇಷನ್ನಿನ ನಂತರ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿನ ಕ್ಲಬ್ಬುಗಳಿಗೆ ಇಳಿದದ್ದು, ಎಲ್ಲವನ್ನೂ ಅವನು ತಿಳಿಸಾರಿಗೆ ಅನ್ನ ಕಲಸುತ್ತಾ ಹೇಳಿದ. ಇಲ್ಲಿಗೆ ಬಂದದ್ದು ‘ಟ್ರಯಲ್’ ಮೇಲೆ. ಎಂದರೆ ಪರೀಕ್ಷೆಯ ಅವಧಿ. ಏಪ್ರಿಲ್‌ನಲ್ಲಿ ಸೀಸನ್ ಆರಂಭವಾಗುವ ಮೊದಲು ಕೋಚ್ ಒಪ್ಪಿದರೆ ಎರಡು ವರ್ಷದ ಕಾಂಟ್ರಾಕ್ಟು. ಹೆಂಡತಿ ಮೊಯ್ರಾ, ಮಗಳು ಐಲ್ಸಾ ಇಬ್ಬರಿಗೂ ವೀಸಾ. ಒಪ್ಪದಿದ್ದರೆ ಆಟವೇ ಮುಗಿಯಿತು. ಮೂವತ್ನಾಲ್ಕರ ಮಿಡ್‌ಫೀಲ್ಡರನ್ನು ಇನ್ಯಾರೂ ಕರೆಯುವುದಿಲ್ಲ. ಐಲ್ಸಾಳ ಫೋಟೋವನ್ನು ಅವನು ನಮ್ಮ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ. ಮುಂದಿನ ಎರಡು ಹಲ್ಲಿಲ್ಲದ ನಗು. ಹಾಲು ತೆಗೆಯಲು ಹೋದಾಗಲೆಲ್ಲ ಆ ಮಗು ನನ್ನನ್ನು ನೋಡುತ್ತಿತ್ತು.

ಇದ್ದದ್ದು ಒಂದೇ ಜಾಗ. ಅದಕ್ಕೆ ಇನ್ನೊಬ್ಬ ಉಮೇದುವಾರನೂ ಇದ್ದ. ಅವನು ಡ್ಯಾನಿ, ಇಪ್ಪತ್ತರ ಹರೆಯದವನು. ಅವನಿದ್ದದ್ದು ನಮ್ಮಿಂದ ಎರಡು ಬೀದಿ ಆಚೆ, ಉಡುಪಿ ಕಡೆಯ ಜಯಕ್ಕನ ಮನೆಯಲ್ಲಿ. ಜಯಕ್ಕನ ಗಂಡನೂ ಹೂವಿನ ಕಂಪನಿಯವರೇ. “ನಿಮ್ಮದು ಹಳೇ ಗಾಡಿ, ನಮ್ಮದು ಹೊಸತು,” ಎಂದು ಜಯಕ್ಕ ಇಂಡಿಯನ್ ಗ್ರೋಸರಿಯಲ್ಲಿ ಬೆಂಡೆಕಾಯಿಯ ತುದಿ ಮುರಿಯುತ್ತಾ ನನ್ನನ್ನು ಕೆಣಕುತ್ತಿದ್ದರು. “ನೋಡುವ, ಯಾರದ್ದು ಓಡ್ತದೆ ಅಂತ.”

ಹೌಸ್ ಮದರ್‌ಗಳಿಗೆ ಕ್ಲಬ್ಬಿನ ನಿಯಮ ಒಂದೇ: ಹುಡುಗರಿಗೆ ಏನಾದರೂ ನೋವು ಕಾಣಿಸಿದರೆ ಕೋಚಿಗೆ ಫೋನು ಮಾಡಬೇಕು. ಆಟಗಾರರು ತಾವಾಗಿ ಹೇಳುವುದಿಲ್ಲ, ಮನೆಯವರ ಕಣ್ಣಿಗೆ ಬೀಳುತ್ತದೆ ಎಂಬ ಲೆಕ್ಕ.

ಮಾರ್ಚ್ ಮಧ್ಯದಲ್ಲಿ ನನ್ನ ಕಣ್ಣಿಗೆ ಬಿತ್ತು. ಆರ್ಚಿ ಮೆಟ್ಟಿಲನ್ನು ನೇರವಾಗಿ ಇಳಿಯುವುದನ್ನು ಬಿಟ್ಟಿದ್ದ. ಗೋಡೆಗೆ ಮುಖ ಮಾಡಿ ಅಡ್ಡಡ್ಡವಾಗಿ ಇಳಿಯುತ್ತಿದ್ದ. ತಟ್ಟೆ ತೊಳೆಯುವಾಗ ಎಡಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರುತ್ತಿರಲಿಲ್ಲ. ಕೇಳಿದೆ. ನಲ್ಲಿ ನಿಲ್ಲಿಸಿ, ಬಾಗಿಲ ಕಡೆ ನೋಡಿ ಹೇಳಿದ: “ಹ್ಯಾಮ್‌ಸ್ಟ್ರಿಂಗ್, ಮಿಸೆಸ್ ಕಿಣಿ. ಸ್ವಲ್ಪ ಎಳೆದಿದೆ, ಅಷ್ಟೇ.” ತೊಡೆಯ ಹಿಂಭಾಗದಲ್ಲಿ ಹಗ್ಗದಂತೆ ಇಳಿಯುವ ಸ್ನಾಯುವಿಗೆ ಆ ಹೆಸರು. “ದಯವಿಟ್ಟು ಕ್ಲಬ್ಬಿಗೆ ಹೇಳಬೇಡಿ. ಈ ವಯಸ್ಸಿನಲ್ಲಿ ಕಾಲು ನೋವು ಅಂದರೆ ಅವರು ಸಹಿ ಹಾಕಲು ಡ್ಯಾನಿಗೆ ಪೆನ್ನು ಕೊಡುತ್ತಾರೆ.”

ನಾನು ಫ್ರಿಜ್ಜಿನ ಬಾಗಿಲನ್ನು ನೋಡಿದೆ.

ಮನೆಯಲ್ಲಿ ಉಣ್ಣುವವನ ಗುಟ್ಟನ್ನು ಹೊರಗೆ ಹಾಕುವುದು ಹೇಗೆ? ಪ್ರತಿ ಸೋಮವಾರ ಕೋಚ್ ಫೋನು ಮಾಡಿ, “ಆರ್ಚಿ ಹೇಗಿದ್ದಾನೆ?” ಎಂದು ಕೇಳುತ್ತಿದ್ದರು. “ಚೆನ್ನಾಗಿ ಊಟ ಮಾಡುತ್ತಾನೆ,” ಎನ್ನುತ್ತಿದ್ದೆ. ಅದು ಸುಳ್ಳಲ್ಲ. ಸುಳ್ಳು ಹೇಳಬಾರದು ಎಂದು ಕಾನ್ವೆಂಟಿನಲ್ಲಿ ಕಲಿಸಿದ್ದರು. ಇಂಥ ನಿಜಗಳನ್ನು ಏನು ಮಾಡಬೇಕೆಂದು ಕಲಿಸಿರಲಿಲ್ಲ. ಎಳ್ಳೆಣ್ಣೆ ಬಿಸಿ ಮಾಡಿ ಕೊಟ್ಟೆ, ಅರಿಶಿನದ ಪಟ್ಟು ಹಾಕಿಸಿದೆ. ಅವನ ಬಿಳಿಯ ಚಡ್ಡಿಗಳೆಲ್ಲ ಹಳದಿಯಾದವು. ಅವನು ಅಭ್ಯಾಸಕ್ಕೆ ಹೋಗುತ್ತಲೇ ಇದ್ದ. ನೋವು ಇಳಿಯಲಿಲ್ಲ.

ಆಗ ನಮ್ಮ ಕಡೆಯವರು ಮಾಡುವುದನ್ನು ಮಾಡಿದೆ. ಹರಕೆ ಹೊತ್ತೆ. ಕಾಲು ಗುಣವಾದರೆ ದೇವರಿಗೆ ಬೆಳ್ಳಿಯ ಕಾಲು ಒಪ್ಪಿಸುತ್ತೇನೆ ಎಂದು. ಮಂಗಳೂರಿಗೆ ಫೋನು ಮಾಡಿದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: “ಎಡದ್ದಾ, ಬಲದ್ದಾ?”

ಯುಗಾದಿ ಕಳೆದ ಭಾನುವಾರ ಆರ್ಚಿಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂರಿಸಿಕೊಂಡು ಲಿವರ್‌ಮೋರ್‌ನ ದೇವಸ್ಥಾನಕ್ಕೆ, ವೆಂಕಟರಮಣನ ಸನ್ನಿಧಿಗೆ ಹೋದೆವು. ಬೇ ಏರಿಯಾದ ಅರ್ಧ ಕನ್ನಡಿಗರು ಅಂದು ಅಲ್ಲೇ ಇದ್ದರು. ಅರ್ಚಕರು ಹೆಸರು ಕೇಳಿದರು, ಹೇಳಿದೆ. ಗೋತ್ರ ಕೇಳಿದರು, ಆರ್ಚಿ ನನ್ನ ಮುಖ ನೋಡಿದ. ಅವರೇ ಒಂದು ಗೋತ್ರ ಕೊಟ್ಟರು. “ವಿಶೇಷ ಪ್ರಾರ್ಥನೆ ಏನಮ್ಮಾ?” ಎಂದರು. ಮುಂದೆ ಬಾಗಿ, ಪಿಸುಮಾತಿನಲ್ಲಿ ಹೇಳಿದೆ. ಹ್ಯಾಮ್‌ಸ್ಟ್ರಿಂಗ್‌ಗೆ ನನಗೆ ಸಂಸ್ಕೃತ ಬರುತ್ತಿರಲಿಲ್ಲ. ಅವರಿಗೂ ಬರುತ್ತಿರಲಿಲ್ಲ.

ಸಂಕಲ್ಪ ಎಂದರೆ ಪೂಜೆಗೆ ಮೊದಲು ಯಾರಿಗಾಗಿ, ಯಾವ ಉದ್ದೇಶಕ್ಕಾಗಿ ಎಂದು ದೇವರಿಗೆ ಸ್ಪಷ್ಟವಾಗಿ ಹೇಳುವುದು. ಹಬ್ಬದ ಗದ್ದಲವೆಂದು ಆ ದಿನ ಅರ್ಚಕರ ಶಲ್ಯದ ಅಂಚಿಗೆ ಸಣ್ಣ ಮೈಕು ಸಿಕ್ಕಿಸಿದ್ದರು. ಅದನ್ನು ನಾನು ನೋಡಿದ್ದೆ. ಕಪ್ಪು ದಾರ, ತುದಿಯಲ್ಲಿ ಅವರೆಕಾಳಿನಷ್ಟು ಗುಂಡು. ನೋಡಿಯೂ ಅದು ಏನೆಂದು ಯೋಚಿಸಲಿಲ್ಲ.

“ಆರ್ಚಿ ಫೆಂಟನ್ ನಾಮಧೇಯಸ್ಯ,” ಎಂದು ಕಂಬಕಂಬದ ಸ್ಪೀಕರಿನಿಂದ ದನಿ ಹೊರಟಿತು. “ಲೆಫ್ಟ್ ಹ್ಯಾಮ್‌ಸ್ಟ್ರಿಂಗ್ ಪೀಡಾ ಪರಿಹಾರಾರ್ಥಂ, ಸಾಕರ್ ಸೀಸನ್ ಪ್ರಾರಂಭಾತ್ ಪೂರ್ವಂ ಶೀಘ್ರ ಆರೋಗ್ಯ ಪ್ರಾಪ್ತ್ಯರ್ಥಂ…”

ಯಾರೋ ನಕ್ಕರು. ಹೊರಗೆ ಪ್ರಸಾದದ ಸಾಲಿನಲ್ಲಿ ಜಯಕ್ಕ ನಿಂತಿದ್ದರು. ಅವರ ಪಕ್ಕದಲ್ಲಿ ಡ್ಯಾನಿ. ಪುಳಿಯೋಗರೆಯ ಆಸೆಗೆ ಅವನೂ ಬಂದಿದ್ದ. ಕೈಯಲ್ಲಿದ್ದ ಪೇಪರ್ ಪ್ಲೇಟು ಬಾಗಿ ನಾಲ್ಕು ಕಡಲೆಬೇಳೆ ನೆಲಕ್ಕೆ ಬಿದ್ದದ್ದು ನನಗೆ ಕಾಣಿಸಿತು. ಅವನು ಆರ್ಚಿಯನ್ನು ನೋಡಿದ. ಆಮೇಲೆ ಆರ್ಚಿಯ ಕಾಲನ್ನು ನೋಡಿದ.

ಹಿಂದಿರುಗುವಾಗ ಕಾರು ಫ್ರೀವೇಗೆ ಹತ್ತಿತು. ಆಗ ಆರ್ಚಿಯೇ, “ನಮ್ಮ ಊರಿನ ಚರ್ಚಿನಲ್ಲಿ ಇಂಥದ್ದನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇವೆ, ಮಿಸೆಸ್ ಕಿಣಿ,” ಎಂದ. “ನಿಮ್ಮ ದೇವರಿಗೆ ಕಿವಿ ಮಂದವೇ?” ನಾನು ಅತ್ತುಬಿಟ್ಟೆ. ಅವನು ಗಾಬರಿಯಾಗಿ ನನ್ನ ಭುಜ ತಟ್ಟಿದ. ತಪ್ಪು ನನ್ನದು, ಸಮಾಧಾನ ಅವನದು.

ಸೋಮವಾರ ಕೋಚಿನ ಫೋನು ಬಂತು. ಎಂದಿನ ಪ್ರಶ್ನೆಯನ್ನೇ ಕೇಳಿದರು, ಎಂದಿನ ಉತ್ತರವನ್ನೇ ಕೊಟ್ಟೆ. ಅವರಿಗೆ ಸುದ್ದಿ ಮುಟ್ಟಿರಲಿಲ್ಲ. ಮಂಗಳವಾರವೂ ಇಲ್ಲ, ಬುಧವಾರವೂ ಇಲ್ಲ. ಶನಿವಾರ ಕೊನೆಯ ಪರೀಕ್ಷೆಯ ಮ್ಯಾಚು. ಅದನ್ನು ನೋಡಿ ಕೋಚ್ ಇಬ್ಬರಲ್ಲಿ ಒಬ್ಬನನ್ನು ಆರಿಸುವವರಿದ್ದರು.

ಗುರುವಾರ ಜಯಕ್ಕ ಫೋನು ಮಾಡಿದರು. “ಎಂತ ಸುಮನಾ, ನಿಮ್ಮ ಆರ್ಚಿಯ ಕಾಲಿನ ಸಂಗತಿ ವೆಂಕಟರಮಣನಿಗೆ ಗೊತ್ತುಂಟು, ಇಡೀ ಬೇ ಏರಿಯಾಕ್ಕೆ ಗೊತ್ತುಂಟು. ಕೋಚಿಗೆ ಒಬ್ಬನಿಗೇ ಇಲ್ಲ ಅಲ್ವಾ?”

“ಜಯಕ್ಕ, ದಮ್ಮಯ್ಯ…”

“ನಾನು ಹೇಳುದಿಲ್ಲ ಮಾರಾಯ್ತಿ, ಹೆದರಬೇಡ. ಆದರೆ ಈ ಡ್ಯಾನಿ ಭಾನುವಾರದಿಂದ ಸರಿಯಾಗಿ ಉಣ್ಣುದೇ ಇಲ್ಲ. ನೀನೇ ಹೇಳು ಕೋಚಿಗೆ ಅಂತ ನಾನೇ ಅಂದೆ, ದೇವರು ನನ್ನನ್ನು ಕ್ಷಮಿಸಲಿ. ಅವ ಎಂತ ಹೇಳಿದ ಗೊತ್ತುಂಟಾ? ‘ಅದು ಆರ್ಚಿ ಹೇಳಬೇಕಾದ ಮಾತು ಆಂಟಿ, ನನ್ನದಲ್ಲ.’ ಅಷ್ಟು ಹೇಳಿ ತಟ್ಟೆ ದೂಡಿದ.”

ಫೋನು ಇಟ್ಟು ತಿರುಗಿದೆ. ಆರ್ಚಿ ಸಿಂಕಿನ ಬಳಿ ತಟ್ಟೆ ಒರೆಸುತ್ತಾ ನಿಂತಿದ್ದ. ಕನ್ನಡ ತಿಳಿಯದಿದ್ದರೂ, ಫೋನಿನಿಂದ ಹೊರಗೂ ಕೇಳುವ ಜಯಕ್ಕನ ದನಿಯಲ್ಲಿ ಡ್ಯಾನಿಯ ಹೆಸರೂ ತನ್ನ ಹೆಸರೂ ತಿಳಿದಿತ್ತು. “ಏನಂತೆ?” ಎಂದ. ಹೇಳಿದೆ.

ಅವನು ಆ ತಟ್ಟೆಯ ಎರಡೂ ಬದಿಯನ್ನು ಇನ್ನೊಮ್ಮೆ ಒರೆಸಿ, ಶೆಲ್ಫಿನಲ್ಲಿಟ್ಟು, ಕುರ್ಚಿ ಎಳೆದು ಕುಳಿತ. “ಅವನು ಹೇಳಿಬಿಟ್ಟಿದ್ದರೆ ಚೆನ್ನಾಗಿತ್ತು,” ಎಂದ. “ಆಗ ನಾನು ಅವನ ಮೇಲೆ ಸಿಟ್ಟು ಮಾಡಿಕೊಂಡು ಆಡಬಹುದಿತ್ತು.”

ಆಗ ನಾನು ಹೇಳಿದ ಮಾತು ಇದು: “ಇನ್ನು ಎರಡೇ ದಿನ, ಆರ್ಚಿ. ಸುಮ್ಮನಿರು. ಐಲ್ಸಾಳನ್ನು ನೆನೆಸಿಕೋ.”

ಅವನು ಫ್ರಿಜ್ಜಿನ ಕಡೆ ನೋಡಿ, ಮೆಲ್ಲನೆ ಹೇಳಿದ: “ನೀವು ನಿಮ್ಮ ದೇವರಿಗೆ ಹೇಳಿದ್ದು ಸರಿ, ಮಿಸೆಸ್ ಕಿಣಿ. ನಾನು ಹೇಳಬೇಕಾದವನಿಗೆ ಹೇಳಿರಲಿಲ್ಲ.” ಕಾರಿನ ಕೀಲಿ ಕೇಳಿ ಪಡೆದು, ಅಡ್ಡಡ್ಡವಾಗಿ ಹೊರಮೆಟ್ಟಿಲು ಇಳಿದು ಕೋಚಿನ ಮನೆಗೆ ಹೋದ.

ಮರುದಿನ ಕ್ಲಬ್ಬಿನ ವೈದ್ಯರು ಸ್ಕ್ಯಾನ್ ಮಾಡಿಸಿದರು. ಸಂಜೆ ಕೋಚ್ ನನಗೆ ಫೋನು ಮಾಡಿದರು. ಗದರಲಿಲ್ಲ, ಗದರಿದ್ದರೆ ಹಗುರಾಗುತ್ತಿತ್ತು.

“ನಿಮಗೆ ಮಾರ್ಚ್‌ನಲ್ಲೇ ಗೊತ್ತಿತ್ತೇ?”

“ಗೊತ್ತಿತ್ತು.”

“ಆಗಲೇ ಹೇಳಿದ್ದರೆ ಮೂರು ವಾರ ಕೂರಿಸುತ್ತಿದ್ದೆ. ಟ್ರಯಲನ್ನು ಮುಂದಕ್ಕೆ ಹಾಕುತ್ತಿದ್ದೆ. ಮಿಡ್‌ಫೀಲ್ಡಿನಲ್ಲಿ ಅವನಂಥ ತಲೆ ಇಲ್ಲಿ ಯಾರಿಗೂ ಇಲ್ಲ. ಆಗ ಸ್ನಾಯು ಬರೀ ಎಳೆದಿತ್ತು. ಆಡಿ ಆಡಿ ಈಗ ಹರಿದಿದೆ. ಈ ಸೀಸನ್ ಪೂರ್ತಿ ಆಡಲು ಆಗುವುದಿಲ್ಲ.”

ಶನಿವಾರ ಆರ್ಚಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೈದಾನದ ಗೆರೆಯ ಪಕ್ಕ ನಿಂತಿದ್ದ. ಡ್ಯಾನಿ ಹತ್ತಿರ ಬಂದಾಗಲೆಲ್ಲ, “ತಲೆ ಎತ್ತು! ಚೆಂಡು ಬರುವ ಮೊದಲೇ ನೋಡು!” ಎಂದು ಕೂಗುತ್ತಿದ್ದ. ಡ್ಯಾನಿ ಚೆನ್ನಾಗಿ ಆಡಿದ. ಕಾಂಟ್ರಾಕ್ಟು ಅವನಿಗೇ ಸಿಕ್ಕಿತು. ಜಯಕ್ಕ ನನ್ನ ಪಕ್ಕದಲ್ಲೇ ಕುಳಿತಿದ್ದರು. ಹೊಸ ಗಾಡಿಯ ಮಾತು ಎತ್ತಲಿಲ್ಲ. ಫ್ಲಾಸ್ಕಿನ ಕಾಫಿಯನ್ನು ಮೊದಲು ನನಗೇ ಬಗ್ಗಿಸಿ ಕೊಟ್ಟರು.

ಆರ್ಚಿ ಊರಿಗೆ ಹೋದ ಮೇಲೆ ಫ್ರಿಜ್ಜಿನ ಬಾಗಿಲಿನಲ್ಲಿ ಅಂಟಿನ ಚೌಕ ಗುರುತು ಉಳಿಯಿತು. ಎಷ್ಟು ತಿಕ್ಕಿದರೂ ಹೋಗಲಿಲ್ಲ. ನಿಜ ಹೇಳಬೇಕೆಂದರೆ ನಾನು ಅಷ್ಟೇನೂ ತಿಕ್ಕಲಿಲ್ಲ. ಅಮ್ಮ ಕಳಿಸಿದ ಬೆಳ್ಳಿಯ ಎಡಗಾಲು ಆಮೇಲೆ ಬಂತು. ಹೆಬ್ಬೆರಳಿನಷ್ಟು ಉದ್ದ, ಐದೂ ಬೆರಳಿಗೆ ಉಗುರು ಕೆತ್ತಿದ್ದರು. ಸೆಪ್ಟೆಂಬರಿನಲ್ಲಿ ಮೊಯ್ರಾ ಫೋನು ಮಾಡಿ, ಆರ್ಚಿ ಮತ್ತೆ ಓಡುತ್ತಿದ್ದಾನೆ, ಊರಿನ ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುತ್ತಿದ್ದಾನೆ, ಕಾಲು ಪೂರ್ತಿ ಗುಣವಾಗಿದೆ ಎಂದಳು. ಕಾಲು ಗುಣವಾಗಲಿ ಎಂದು ಕೇಳಿದ್ದೆ, ಗುಣವಾಯಿತು. ಕಾಂಟ್ರಾಕ್ಟು ಸಿಗಲಿ ಎಂದು ನಾನು ಕೇಳಿರಲೇ ಇಲ್ಲ. ಲಿವರ್‌ಮೋರ್‌ಗೆ ಹೋಗಿ ಹರಕೆ ಒಪ್ಪಿಸಿದೆ. “ವಿಶೇಷ ಪ್ರಾರ್ಥನೆ ಏನಮ್ಮಾ?” ಎಂದರು ಅರ್ಚಕರು. “ಏನೂ ಇಲ್ಲ,” ಎಂದೆ.

ಮರುವರ್ಷದ ಸೀಸನ್ ಮುಗಿಯುವ ಮೊದಲೇ ಹೂವಿನ ಕಂಪನಿ ಬಾಗಿಲು ಹಾಕಿತು, ಅದರ ಹಿಂದೆಯೇ ಕ್ಲಬ್ಬೂ ಮುಚ್ಚಿತು. “ನೋಡು, ಆರ್ಚಿ ಸಂಸಾರ ಕಟ್ಟಿಕೊಂಡು ಬಂದಿದ್ದರೆ ಈಗ ನಡುದಾರಿಯಲ್ಲಿ ಇರುತ್ತಿದ್ದ. ಆದದ್ದು ಒಳ್ಳೆಯದೇ ಆಯ್ತು,” ಎಂದು ರಘು ಇಂದಿಗೂ ಹೇಳುತ್ತಾರೆ. ಅವರು ನನ್ನ ಮೇಲಿನ ಪ್ರೀತಿಯಿಂದ ಹೇಳುವುದು. ಆದರೆ ಮಾರ್ಚ್‌ನಲ್ಲಿ ನನಗೆ ಅದು ಗೊತ್ತಿರಲಿಲ್ಲವಲ್ಲ. ಮುಂದೆ ಆದದ್ದನ್ನು ತಂದು ಹಿಂದೆ ಮಾಡಿದ್ದಕ್ಕೆ ತೇಪೆ ಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ.

ಆ ಹುದ್ದೆ ನನಗೆ ಕಲಿಸಿದ್ದು ಇಷ್ಟು: ಮನೆಗೆ ಬಂದವರ ನೋವನ್ನು ಅದಕ್ಕೆ ಏನಾದರೂ ಮಾಡಬಲ್ಲವರಿಗೆ ಮೊದಲು ಹೇಳಬೇಕು, ದೇವರಿಗೆ ಆಮೇಲೂ ಹೇಳಬಹುದು, ಅವನು ಕಾಯುತ್ತಾನೆ. ಸ್ನಾಯು ಕಾಯುವುದಿಲ್ಲ.

ಕ್ಲಬ್ಬು ಮುಚ್ಚುವ ಮೊದಲು ನಮ್ಮ ಮನೆಗೆ ಕೊನೆಯದಾಗಿ ಬಂದವನು ಒಬ್ಬ ಗೋಲ್‌ಕೀಪರ್. ಬಂದ ದಿನವೇ ಸೂಟ್‌ಕೇಸು ಮೇಲೆ ಒಯ್ಯುವಾಗ ಬಾಗಿಲಿಗೆ ಬೆರಳು ತಾಗಿಸಿಕೊಂಡು, “ಏನಿಲ್ಲ, ಏನಿಲ್ಲ,” ಎಂದ. ಅವನು ಮೆಟ್ಟಿಲು ಹತ್ತಿ ಮುಗಿಸುವಷ್ಟರಲ್ಲಿ ನಾನು ಫೋನು ಎತ್ತಿಕೊಂಡಿದ್ದೆ.

ಕೋಚ್ ನಕ್ಕರು. “ಬರೀ ಉಗುರಿರಬೇಕು, ಮಿಸೆಸ್ ಕಿಣಿ.”

“ಇರಬಹುದು,” ಎಂದೆ. “ಆದರೂ ನೀವೇ ಒಮ್ಮೆ ಬಂದು ನೋಡಿಬಿಡಿ.”